ಹಳೇ ಕಾರು ಓಡುತ್ತಿರಬೇಕು

(ಬೆಂಗಳೂರಿನಲ್ಲಿ ಹಳೇ ಕಾರು ಇಟ್ಟುಕೊಂಡವರ ಒಂದು ಕೂಟದಲ್ಲಿ ಆಡಿದ ಮಾತುಗಳಿವು. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಸಭೆಯಿಂದ ಬಂದ ಎರಡು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಹಳೇ ಕಾರಿನ ಹವ್ಯಾಸಕ್ಕೆ ಬಂದವರಲ್ಲಿ ಯಾರು ಉಳಿಯುತ್ತಾರೆ, ಯಾರು ಬಿಟ್ಟು ಹೋಗುತ್ತಾರೆ, ಅದರ ಬಗ್ಗೆ ಮಾತಾಡಿ ಅಂದಿದ್ದಾರೆ. ನನ್ನ ಉತ್ತರ ಚಿಕ್ಕದು. ಯಾರ ಕಾರು ಓಡುತ್ತಿರುತ್ತದೋ ಅವರು ಉಳಿಯುತ್ತಾರೆ.

ಇಷ್ಟೇನಾ ಅನ್ನಿಸಬಹುದು. ಆದರೆ ಹಿಂದೆ ನಮ್ಮ ಜೊತೆ ಇದ್ದು ಈಗ ಕಾಣದೇ ಹೋದವರನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಅವರಿಗೆ ಪ್ರೀತಿ ಕಡಿಮೆ ಇತ್ತಾ? ಇಲ್ಲ. ಸುಮಾರು ಜನಕ್ಕೆ ದುಡ್ಡಿನ ತೊಂದರೆಯೂ ಇರಲಿಲ್ಲ. ಕಾರು ನಿಂತುಬಿಟ್ಟಿತು, ಅಷ್ಟೇ. ನಿಂತ ಕಾರಿನ ಮೇಲೆ ಮೊದಲು ಕವರ್ ಬೀಳುತ್ತದೆ. ಆಮೇಲೆ ಕವರ್ ಮೇಲೆ ಮನೆಯ ಬೇಡದ ಸಾಮಾನು ಬೀಳುತ್ತದೆ. ಒಂದು ದಿನ ಮನೆಯವರು ಕೇಳುತ್ತಾರೆ, "ಇದನ್ನ ಏನ್ ಮಾಡೋದು?" ಆ ಪ್ರಶ್ನೆಗೆ ಉತ್ತರ ಇರುವುದಿಲ್ಲ. ಓಡುವ ಕಾರಿನ ಬಗ್ಗೆ ಯಾರೂ ಆ ಪ್ರಶ್ನೆ ಕೇಳುವುದಿಲ್ಲ.

ಕಾರು ಯಾಕೆ ನಿಲ್ಲುತ್ತದೆ? ಕೆಟ್ಟು ನಿಲ್ಲುವುದು ಕಡಿಮೆ. ಮಾಲೀಕನೇ ಬಿಚ್ಚಿ ನಿಲ್ಲಿಸುವುದೇ ಜಾಸ್ತಿ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಈ ಹವ್ಯಾಸದಲ್ಲಿ ಅತಿ ಹೆಚ್ಚು ಜನ ಸೋಲುವುದು ಇಲ್ಲೇ.

ಒಬ್ಬರು ಅಂಬಾಸಿಡರ್ ತಗೋತಾರೆ. ಹೇಗೋ ಓಡುತ್ತದೆ. ಒಂದು ಕಡೆ ಪೇಂಟ್ ಎದ್ದಿದೆ, ಬಾಗಿಲು ಜೋರಾಗಿ ಹಾಕಬೇಕು, ಎಂಜಿನ್ ಸ್ವಲ್ಪ ಎಣ್ಣೆ ತಿನ್ನುತ್ತದೆ. ನೋಡಿದ ಸ್ನೇಹಿತರು ಹೇಳುತ್ತಾರೆ, "ಮಾಡಿಸೋದಾದ್ರೆ ಒಂದೇ ಸಲ ಪೂರ್ತಿ ಮಾಡಿಸಿಬಿಡಿ." ಮಾತು ಹಿತವಾಗಿ ಕೇಳುತ್ತದೆ. ಎಂಜಿನ್ ಇಳಿಸುತ್ತಾರೆ. ಸೀಟು, ಗ್ಲಾಸು, ವೈರಿಂಗ್ ಎಲ್ಲ ಬಿಚ್ಚುತ್ತಾರೆ. ಟಿಂಕರ್ ಕೈಗೆ ಬಾಡಿ ಹೋಗುತ್ತದೆ. ಪೇಂಟ್ ಕೆರೆದಾಗ ಕಂಡದ್ದಕ್ಕಿಂತ ಮೂರು ಪಟ್ಟು ತುಕ್ಕು ಸಿಗುತ್ತದೆ. ಬಾಗಿಲ ಕೆಳಗಿನ ತಗಡು, ಡಿಕ್ಕಿಯ ತಳ, ಹೆಡ್‌ಲೈಟ್ ಸುತ್ತಮುತ್ತ, ಎಲ್ಲಾ ಕಡೆ. ಟಿಂಕರ್ ಮುಗಿಸುವವರೆಗೆ ಪೇಂಟರ್ ಕಾಯಬೇಕು. ಪೇಂಟ್ ಆಗುವವರೆಗೆ ವೈರಿಂಗ್‌ನವರು ಕಾಯಬೇಕು. ಅಷ್ಟರಲ್ಲಿ ಎಂಜಿನ್ ಕೆಲಸದ ಮೇಸ್ತ್ರಿಗೆ ಬೇರೆ ಕೆಲಸ ಬಂದಿರುತ್ತದೆ. ನಟ್ಟು ಬೋಲ್ಟುಗಳು ಬಿಸ್ಕೆಟ್ ಡಬ್ಬಿಗಳಲ್ಲಿ. ಯಾವ ಡಬ್ಬಿ ಯಾವುದರದ್ದು ಎಂದು ಬಿಚ್ಚಿದ ಹುಡುಗನಿಗೆ ಗೊತ್ತು. ಆ ಹುಡುಗ ಕೆಲಸ ಬಿಟ್ಟು ಹೋಗಿರುತ್ತಾನೆ.

ಆರು ತಿಂಗಳು ಅಂದದ್ದು ಮೂರು ವರ್ಷ ಆಗುತ್ತದೆ. ಈ ಮೂರು ವರ್ಷದಲ್ಲಿ ಮಾಲೀಕನಿಗೆ ಬಂದದ್ದು ಬಿಲ್ಲು ಮತ್ತು ಫೋನು ಮಾತ್ರ. ಒಂದು ದಿನವೂ ಸ್ಟೇರಿಂಗ್ ಹಿಡಿದಿಲ್ಲ. ಯಾವ ಖುಷಿಗಾಗಿ ಕಾರು ತಗೊಂಡರೋ ಆ ಖುಷಿಯೇ ನಿಂತುಹೋಯಿತು. ಆಸೆ ಬತ್ತದೇ ಇನ್ನೇನಾಗುತ್ತದೆ?

ಆದ್ದರಿಂದ ಹೊಸಬರು ಯಾರೇ ಕೇಳಿದರೂ ನಾನು ಹೇಳುವುದು: ಪೂರ್ತಿ ಬಿಚ್ಚಬೇಡಿ. ಒಂದು ಸಲಕ್ಕೆ ಒಂದೇ ಕೆಲಸ ಹಿಡಿಯಿರಿ. ಸೋಮವಾರ ಬಿಚ್ಚಿದ್ದು ಶನಿವಾರದೊಳಗೆ ಜೋಡಣೆ ಆಗಿ ಭಾನುವಾರ ಕಾರು ರಸ್ತೆಗೆ ಬರಬೇಕು. ಬಾಡಿಯ ತಳವೇ ಕೊಳೆತಿದ್ದರೆ ಬೇರೆ ದಾರಿ ಇಲ್ಲ, ಅದು ನನಗೂ ಗೊತ್ತು. ಆದರೆ ಅಂಥ ಕಾರನ್ನು ಮೊದಲ ಕಾರಾಗಿ ತಗೋಬೇಡಿ. ಪೇಂಟ್ ಕೊನೆಗೆ. ಬಣ್ಣ ಮಾಸಿದ ಕಾರು ಚೆನ್ನಾಗಿಯೇ ಓಡುತ್ತದೆ. ಬ್ರೇಕ್ ಇಲ್ಲದ ಹೊಳೆಯುವ ಕಾರು ಓಡಬಾರದು.

ಬ್ರೇಕ್ ಮಾತು ಬಂತಲ್ಲ, ಅದನ್ನೇ ತಗೊಳ್ಳೋಣ. ಹಳೇ ಅಂಬಾಸಿಡರ್, ಫಿಯೆಟ್‌ಗಳಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ನಾಲ್ಕಕ್ಕೂ ಸೇರಿ ಒಂದೇ ಬ್ರೇಕ್ ಆಯಿಲ್ ಲೈನು. ಎಲ್ಲೋ ಒಂದು ಚಕ್ರದ ಸಿಲಿಂಡರ್ ಸೋರಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ನಾಲ್ಕೂ ಬ್ರೇಕ್ ಹೋಗುತ್ತದೆ. ಈಗಿನ ಕಾರುಗಳಲ್ಲಿ ಎರಡು ಬೇರೆ ಬೇರೆ ಲೈನು ಇರುವುದರಿಂದ ಒಂದು ಹೋದರೂ ಇನ್ನೊಂದು ಹಿಡಿಯುತ್ತದೆ. ಇನ್ನೊಂದು ವಿಷಯ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ನೀರಿನ ಪಸೆಯನ್ನು ಎಳೆದುಕೊಳ್ಳುತ್ತದೆ. ಕಾರು ಸುಮ್ನೆ ನಿಂತಿದ್ದರೂ ಎಳೆದುಕೊಳ್ಳುತ್ತದೆ. ಆ ನೀರು ಸಿಲಿಂಡರ್ ಒಳಗೆ ತುಕ್ಕು ಹಿಡಿಸುತ್ತದೆ. ಪಿಸ್ಟನ್ ಕಚ್ಚಿಕೊಳ್ಳುತ್ತದೆ, ರಬ್ಬರ್ ಹರಿಯುತ್ತದೆ. ಅದಕ್ಕೇ ವರ್ಷಗಟ್ಟಲೆ ನಿಂತ ಕಾರು ಓಡಾಡಿದ ಕಾರಿಗಿಂತ ಹೆಚ್ಚು ಹಾಳಾಗಿರುತ್ತದೆ. "ಓಡಿಸಿಯೇ ಇಲ್ಲ ಸಾರ್, ಹಾಗೇ ಇಟ್ಟಿದ್ದೀವಿ" ಎಂದು ಮಾರುವವರು ಹೆಮ್ಮೆಯಿಂದ ಹೇಳಿದರೆ ನೀವು ಬೆಲೆ ಇಳಿಸಿ ಕೇಳಬೇಕು.

ಪೆಟ್ರೋಲ್ ಕಥೆಯೂ ಹಾಗೇ. ಈಗ ಬಂಕ್‌ನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇಕಡ 20ರಷ್ಟು ಎಥನಾಲ್ ಇರುತ್ತದೆ. ಎಥನಾಲ್ ನೀರನ್ನು ಎಳೆಯುತ್ತದೆ. ಟ್ಯಾಂಕ್‌ನಲ್ಲಿ ತಿಂಗಳುಗಟ್ಟಲೆ ನಿಂತರೆ ನೀರು ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ಟ್ಯಾಂಕ್ ಒಳಗೆ ತುಕ್ಕು, ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸುವ ಕಾರ್ಬೊರೇಟರ್ ಒಳಗೆ ಕೆಸರು. ಹಳೇ ರಬ್ಬರ್ ಪೈಪುಗಳು, ಪೆಟ್ರೋಲ್ ಪಂಪಿನ ಒಳಗಿನ ಪೊರೆ ಅಂದರೆ ಡಯಾಫ್ರಮ್ಮು ಇವೆಲ್ಲ ಈ ಪೆಟ್ರೋಲ್ ಇಲ್ಲದ ಕಾಲದಲ್ಲಿ ಮಾಡಿದವು. ಅವು ಮೆತ್ತಗಾಗಿ ಬಿರಿಯುತ್ತವೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಏನಾಗುತ್ತದೆ ಎಂದು ನಾನು ಹೇಳಬೇಕಿಲ್ಲ. ಎಥನಾಲ್ ತಡೆಯುವ ಪೈಪು ಈಗ ಸಿಗುತ್ತದೆ. ದೊಡ್ಡ ಖರ್ಚಲ್ಲ, ದಯವಿಟ್ಟು ಬದಲಾಯಿಸಿ. ಟ್ಯಾಂಕ್‌ಗೆ ಸ್ವಲ್ಪವೇ ಹಾಕಿಸಿ, ಓಡಿಸಿ ಖಾಲಿ ಮಾಡಿ, ಮತ್ತೆ ಹಾಕಿಸಿ.

ಎರಡನೇ ಮಾತು. ಓಡಿಸುವವರು ಉಳಿಯುತ್ತಾರೆ ಅಂದೆ. ಆದರೆ ಹಳೇ ಕಾರು ದಾರಿಯಲ್ಲಿ ನಿಲ್ಲುತ್ತದೆ, ನಿಂತೇ ನಿಲ್ಲುತ್ತದೆ. ಆಗ ಏನು ಮಾಡುತ್ತಾರೆ ಎಂಬುದರ ಮೇಲೆ ಮುಂದಿನದು ನಿಂತಿದೆ. ಯಾಕೆ ನಿಂತಿತು ಎಂದು ಕುತೂಹಲದಿಂದ ಬಾನೆಟ್ ಎತ್ತುವವರು ಇದ್ದಾರೆ. ಬೇಸರದಿಂದ ಫೋನ್ ಎತ್ತುವವರು ಇದ್ದಾರೆ. ಮೊದಲನೆಯವರು ನಮ್ಮ ಜೊತೆ ಉಳಿಯುತ್ತಾರೆ. ಮೆಕ್ಯಾನಿಕ್ ಆಗಬೇಕಿಲ್ಲ. ಎಂಜಿನ್ ಇಳಿಸುವುದು ಬೇಡ, ಗೇರ್‌ಬಾಕ್ಸ್ ಬಿಚ್ಚುವುದು ಬೇಡ. ನಾಲ್ಕೈದು ಸಣ್ಣ ಕೆಲಸ ಕೈಗೆ ಬಂದರೆ ಸಾಕು. ಅದರಲ್ಲಿ ಮೊದಲನೆಯದು ಪಾಯಿಂಟ್ ಗ್ಯಾಪ್ ಇಡುವುದು.

ಇಲ್ಲಿ ಯುವಕರು ಇದ್ದೀರಿ, ಅದಕ್ಕೆ ಬಿಡಿಸಿ ಹೇಳುತ್ತೇನೆ. ಹಳೇ ಪೆಟ್ರೋಲ್ ಎಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರ್ ಎಂಬ ಭಾಗ ಇದೆ. ಅದರ ಒಳಗೆ ಎರಡು ಚಿಕ್ಕ ಲೋಹದ ಗುಂಡಿಗಳು ಮುಟ್ಟಿ ಬಿಡುತ್ತಾ ಇರುತ್ತವೆ, ಅವೇ ಪಾಯಿಂಟ್. ಅವು ಬಿಟ್ಟಾಗಲೆಲ್ಲ ಕಾಯಿಲ್ ಒಂದು ಕಿಡಿ ಕಳಿಸುತ್ತದೆ. ಆ ಎರಡರ ನಡುವಿನ ಅಂತರ ಹೆಚ್ಚುಕಮ್ಮಿ 0.4 ಮಿಲಿಮೀಟರ್ ಇರಬೇಕು. ಓಡಾಡಿದ ಹಾಗೆ ಸವೆದು ಅಂತರ ಕಡಿಮೆ ಆಗುತ್ತದೆ. ಆಗ ಎಂಜಿನ್ ತಡವರಿಸಿ ಮಿಸ್ಸಿಂಗ್ ಬರುತ್ತದೆ, ಪಿಕಪ್ ಹೋಗುತ್ತದೆ, ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ.

ನನಗೆ ಇದನ್ನು ಕಲಿಸಿದವರು ಶಿವಾಜಿನಗರದ ಒಬ್ಬ ವಯಸ್ಸಾದ ಮೇಸ್ತ್ರಿ. ಡಿಸ್ಟ್ರಿಬ್ಯೂಟರ್ ಕ್ಯಾಪ್‌ನ ಎರಡು ಕ್ಲಿಪ್ ತೆಗೆದರು. ರೋಟರ್ ಎತ್ತಿ ಪಕ್ಕಕ್ಕೆ ಇಟ್ಟರು. ಮುಂದಿನಿಂದ ಹ್ಯಾಂಡಲ್ ಹಾಕಿ ಎಂಜಿನ್ನನ್ನು ನಿಧಾನಕ್ಕೆ ತಿರುಗಿಸಿದರು. ಪಾಯಿಂಟ್ ಪೂರ್ತಿ ತೆರೆದ ಜಾಗಕ್ಕೆ ಬಂದಾಗ ನಿಲ್ಲಿಸಿದರು. ಆಮೇಲೆ ಅಂತರ ಅಳೆಯುವ ತೆಳ್ಳನೆ ತಗಡಿನ ಪಟ್ಟಿ, ಅಂದರೆ ಫೀಲರ್ ಗೇಜ್, ನನ್ನ ಕೈಗೆ ಕೊಟ್ಟು, "ಸಾರ್, ನೀವೇ ಹಿಡ್ಕೊಳಿ" ಅಂದರು. "ಗೇಜು ಒಳಗೆ ಹೋಗ್ಬೇಕು, ಎಳೆದ್ರೆ ಸ್ವಲ್ಪ ಹಿಡ್ದಂಗೆ ಆಗ್ಬೇಕು. ಸಡ್ಲ ಇರ್ಬಾರ್ದು, ಬಿಗೀನೂ ಇರ್ಬಾರ್ದು." ಆ ಸ್ವಲ್ಪ ಹಿಡಿದ ಹಾಗೆ ಆಗುವುದು ಬೆರಳಿಗೆ ಗೊತ್ತಾಗಬೇಕು. ಯಾರು ಎಷ್ಟೇ ಬರೆದರೂ ಅದು ಗೊತ್ತಾಗುವುದಿಲ್ಲ. ಸ್ಕ್ರೂ ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ನೋಡಬೇಕು, ಯಾಕೆಂದರೆ ಬಿಗಿ ಮಾಡುವಾಗ ಅಂತರ ಕೊಂಚ ಕದಲುತ್ತದೆ. ದಾರಿಯಲ್ಲಿ ಗೇಜ್ ಇಲ್ಲದಿದ್ದರೆ ವಿಸಿಟಿಂಗ್ ಕಾರ್ಡ್ ಸಾಕು ಎಂದೂ ಅವರೇ ಹೇಳಿಕೊಟ್ಟರು. ಮನೆವರೆಗೆ ಮುಟ್ಟಿಸುತ್ತದೆ.

ಆ ಕೆಲಸ ಕೈಗೆ ಬಂದ ಮೇಲೆ ಕಾರಿನ ಮೇಲಿನ ಭಯ ಅರ್ಧ ಇಳಿಯಿತು. ಘಟ್ಟ ಹತ್ತುವ ಧೈರ್ಯ ಬಂತು. ಏಪ್ರಿಲ್ ಬಿಸಿಲಲ್ಲಿ ಘಟ್ಟ ಹತ್ತುವಾಗ ಹಳೇ ಕಾರು ಗಕ್ ಗಕ್ ಎಂದು ಎಳೆದು ನಿಲ್ಲುವುದುಂಟು. ಎಂಜಿನ್ ಬಿಸಿಗೆ ಪೈಪಿನೊಳಗೇ ಪೆಟ್ರೋಲ್ ಆವಿಯಾಗುತ್ತದೆ. ಪಂಪಿಗೆ ಆವಿಯನ್ನು ಎಳೆಯಲು ಬರುವುದಿಲ್ಲ, ದ್ರವವೇ ಬೇಕು. ಹಳೇ ಡ್ರೈವರುಗಳು ಇದಕ್ಕೆ ಒಂದು ಬಟ್ಟೆ ಇಟ್ಟುಕೊಂಡಿರುತ್ತಿದ್ದರು. ಒದ್ದೆ ಮಾಡಿ ಪಂಪಿನ ಮೇಲೆ ಹಾಕುವುದು, ಬಾನೆಟ್ ತೆಗೆದಿಟ್ಟು ಸ್ವಲ್ಪ ಹೊತ್ತು ನೆರಳಲ್ಲಿ ಕೂರುವುದು. ತಣಿದ ಮೇಲೆ ಹೊರಡುವುದು. ಗೊತ್ತಿದ್ದವರಿಗೆ ಅದೊಂದು ವಿರಾಮ. ಗೊತ್ತಿಲ್ಲದವರು ಟೋ ಮಾಡುವವರಿಗೆ ದುಡ್ಡು ಕೊಟ್ಟು, ವಾಪಸ್ ಬಂದು, ಮಾರಾಟಕ್ಕೆ ಜಾಹೀರಾತು ಬರೆಯುತ್ತಾರೆ.

ಈ ಓಡಿಸುವುದು, ರಿಪೇರಿ ಮಾಡುವುದು ಎರಡೂ ಮೊದಲಿನಿಂದ ಒಟ್ಟಿಗೇ ಬಂದಿವೆ. 1888ರ ಆಗಸ್ಟ್‌ನಲ್ಲಿ ಜರ್ಮನಿಯ ಬರ್ತಾ ಬೆಂಝ್ ತನ್ನ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಆ ಕಾರು ತಯಾರಿಸಿದ ಗಂಡ ಕಾರ್ಲ್ ಬೆಂಝ್‌ಗೆ ಹೇಳದೆ, ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟಳು. ನೂರು ಕಿಲೋಮೀಟರ್‌ಗೂ ಮೇಲಿನ ದಾರಿ. ಅಷ್ಟು ದೂರ ಕಾರಲ್ಲಿ ಹೋದವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ. ಪೆಟ್ರೋಲ್ ಪೈಪು ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ವೈರಿನ ಕವಚ ಹೋದಾಗ ಕಾಲುಚೀಲದ ಪಟ್ಟಿ ಸುತ್ತಿದಳು. ಬ್ರೇಕ್ ಸವೆದಾಗ ಚಮ್ಮಾರರಿಂದ ತೊಗಲು ಹೊಡೆಸಿದಳು. ಇಂಧನ ಸಿಕ್ಕಿದ್ದು ವೀಸ್‌ಲೋಖ್ ಊರಿನ ಔಷಧಿ ಅಂಗಡಿಯಲ್ಲಿ. ಇಷ್ಟೆಲ್ಲ ಮಾಡಿ ಊರು ಮುಟ್ಟಿದಳು, ವಾಪಸ್ಸೂ ಬಂದಳು. ಕಾರಿಗೆ ಏನು ಕಡಿಮೆ ಇದೆ ಎಂಬುದು ಆ ಓಟದಲ್ಲಿ ಗೊತ್ತಾಯಿತು. ನಿಂತ ಕಾರಿನಿಂದ ಅದು ಗೊತ್ತಾಗುತ್ತಿರಲಿಲ್ಲ.

ಇಂಗ್ಲೆಂಡ್‌ನಲ್ಲಿ ಪ್ರತಿ ನವೆಂಬರ್ ಲಂಡನ್‌ನಿಂದ ಬ್ರೈಟನ್‌ಗೆ ಹಳೇ ಕಾರುಗಳ ಓಟ ನಡೆಯುತ್ತದೆ. 1896ರಲ್ಲಿ ಅಲ್ಲಿ ಕಾರುಗಳ ಮೇಲಿದ್ದ ಕಟ್ಟುಪಾಡು ಸಡಿಲವಾದ ನೆನಪಿಗೆ. 1905ಕ್ಕೆ ಮೊದಲು ತಯಾರಾದ ಕಾರುಗಳಿಗೆ ಮಾತ್ರ ಪ್ರವೇಶ. ಹತ್ತಿರ ಹತ್ತಿರ ನೂರು ಕಿಲೋಮೀಟರ್, ನವೆಂಬರ್ ಚಳಿ, ಸುಮಾರು ಕಾರುಗಳಿಗೆ ಮೇಲ್ಛಾವಣಿ ಕೂಡ ಇಲ್ಲ. ಬಹುಮಾನದ ಪೈಪೋಟಿ ಅಲ್ಲ, ಮುಟ್ಟಿದರೆ ಸಾಕು. ನೂರಿಪ್ಪತ್ತು ವರ್ಷದ ಕಾರು ಇನ್ನೂ ರಸ್ತೆಯಲ್ಲಿದೆ ಅಂದರೆ, ಪ್ರತಿ ತಲೆಮಾರಿನಲ್ಲೂ ಯಾರೋ ಅದನ್ನು ಹೊರಗೆ ತೆಗೆದು ಓಡಿಸಿದ್ದಾರೆ ಎಂದೇ ಅರ್ಥ. ನಮ್ಮಲ್ಲೂ ಸ್ಟೇಟ್ಸ್‌ಮನ್ ಪತ್ರಿಕೆ 1964ರಲ್ಲಿ ದೆಹಲಿಯಲ್ಲಿ ಶುರು ಮಾಡಿದ ರ‍್ಯಾಲಿ ಎಷ್ಟೋ ಕಾರುಗಳನ್ನು ಗುಜರಿಯಿಂದ ಉಳಿಸಿದೆ ಎಂದು ನಾನು ನಂಬಿದ್ದೇನೆ. ಪ್ರತಿ ವರ್ಷ ಒಂದು ದಿನ ಕಾರು ಹೊರಡಲೇಬೇಕು ಅಂದರೆ, ಆ ದಿನಕ್ಕಾಗಿ ಉಳಿದ ದಿನಗಳಲ್ಲಿ ಕೆಲಸ ನಡೆಯುತ್ತದೆ.

ನಮ್ಮ ದೇಶದ ಹಳೇ ಕಾರುಗಳ ಸ್ವಭಾವ ಬೇರೆ, ಅದನ್ನೂ ತಿಳಿದುಕೊಳ್ಳಬೇಕು. ಜನರಲ್ ಮೋಟಾರ್ಸ್ 1928ರಿಂದ ಮುಂಬೈನಲ್ಲಿ ಕಾರು ಜೋಡಿಸುತ್ತಿತ್ತು. ಫೋರ್ಡ್ ಕೂಡ ಇಲ್ಲಿತ್ತು. ಬಿಡಿಭಾಗ ತಂದು ಸುಮ್ನೆ ಜೋಡಿಸುವುದು ಸಾಲದು, ಇಲ್ಲೇ ತಯಾರಿಸಬೇಕು ಎಂದು ಸರ್ಕಾರ ನಿಯಮ ಮಾಡಿದ ಮೇಲೆ 1954ರ ಹೊತ್ತಿಗೆ ಇಬ್ಬರೂ ಹೊರಟುಹೋದರು. ಅದಕ್ಕೇ ನಮ್ಮ ರ‍್ಯಾಲಿಗಳಲ್ಲಿ ಕಾಣುವ ಅಮೆರಿಕದ ದೊಡ್ಡ ಕಾರುಗಳಲ್ಲಿ ಹೆಚ್ಚಿನವು ಐವತ್ತರ ದಶಕದ ಮಧ್ಯಕ್ಕೆ ನಿಲ್ಲುತ್ತವೆ. ಆಮೇಲೆ ಉಳಿದದ್ದು ಮುಖ್ಯವಾಗಿ ಮೂರು. ಪಶ್ಚಿಮ ಬಂಗಾಳದ ಉತ್ತರಪಾರದಲ್ಲಿ ತಯಾರಾದ ಹಿಂದೂಸ್ತಾನ್ ಮೋಟಾರ್ಸ್‌ನ ಅಂಬಾಸಿಡರ್. ಮುಂಬೈ ಕುರ್ಲಾದ ಪ್ರೀಮಿಯರ್‌ನ ಫಿಯೆಟ್ 1100, ಅದೇ ಮುಂದೆ ಪ್ರೀಮಿಯರ್ ಪದ್ಮಿನಿ ಆಯಿತು. ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಹೊಸ ಕಾರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುವ ಕಾಲ. ಸಿಕ್ಕ ಕಾರನ್ನು ಹಾಳು ಮಾಡಿದರೆ ಇನ್ನೊಂದು ಸಿಗುವುದಿಲ್ಲ. ಹಾಗಾಗಿ ಜನ ಜತನ ಮಾಡಿದರು. ಸಿಗದ ಭಾಗವನ್ನು ಲೇತ್‌ನಲ್ಲಿ ಕಡೆಸಿದರು. ಎಂಜಿನ್ ಹೋದ ಅಮೆರಿಕದ ಡಾಡ್ಜ್‌ಗೆ ಡೀಸೆಲ್ ಎಂಜಿನ್ ಕೂರಿಸಿದರು. ಮೂಲ ಎಂಜಿನ್ನೇ ಬೇಕು ಎನ್ನುವವರು ಈಗ ಇದನ್ನು ತಪ್ಪು ಅನ್ನುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಆ ಡೀಸೆಲ್ ಎಂಜಿನ್ ಇಲ್ಲದಿದ್ದರೆ ಆ ಡಾಡ್ಜ್ ಅರವತ್ತರ ದಶಕದಲ್ಲೇ ತೂಕಕ್ಕೆ ಹೋಗಿರುತ್ತಿತ್ತು. ಮೂಲ ಎಂಜಿನ್ ಹುಡುಕಿ ಹಾಕಲು ಈಗ ಒಂದು ಬಾಡಿಯಾದರೂ ಉಳಿದಿದೆ.

ಆದರೆ ಒಂದು ಬೇಡಿಕೆ. ಮೂಲದ್ದು ಇದ್ದರೆ ಕೀಳಬೇಡಿ. ಕಾರಿಗೆ ಮೊದಲ ದಿನದ ಪೇಂಟ್ ಇನ್ನೂ ಇದ್ದರೆ, ಮಾಸಿದ್ದರೂ, ಬಿಡಿ. ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ ಕೂಡ ಇದೇ ಮಾತನ್ನು ಹೇಳುತ್ತದೆ. ಮೊದಲು ಕಾಪಾಡುವುದು, ಹೊಸದಾಗಿ ಮಾಡುವುದು ಆಮೇಲೆ. ಪೇಂಟನ್ನು ಯಾವಾಗ ಬೇಕಾದರೂ ಹೊಡೆಸಬಹುದು. ಕೆರೆದುಹಾಕಿದ ಹಳೇ ಪೇಂಟ್ ವಾಪಸ್ ಬರುವುದಿಲ್ಲ.

ಈಗ ಸ್ಪೇರ್ ವಿಷಯ. ಕಾರು ಓಡುತ್ತಿರಬೇಕಾದರೆ ಭಾಗಗಳು ಸಿಗಬೇಕು. ಪದ್ಮಿನಿಯ ಸ್ಪೇರ್‌ಗಳು ಇಷ್ಟು ಕಾಲ ಸಿಕ್ಕಿದ್ದಕ್ಕೆ ನಾವು ಮುಂಬೈಯ ಕರಿ-ಹಳದಿ ಟ್ಯಾಕ್ಸಿಗಳಿಗೆ ಋಣಿಗಳು. ಸಾವಿರಾರು ಟ್ಯಾಕ್ಸಿ ದಿನಾ ಓಡುತ್ತಿದ್ದಾಗ ಪಾಯಿಂಟು, ಬ್ರೇಕ್ ಕಿಟ್ಟು, ಕ್ಲಚ್ ಪ್ಲೇಟು ಮಾಡುವವರಿಗೆ ವ್ಯಾಪಾರ ಇತ್ತು. 2023ರ ಅಕ್ಟೋಬರ್ ಕೊನೆಗೆ ಅಲ್ಲಿನ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆ ಬಿಟ್ಟಿತು. ಅಂಬಾಸಿಡರ್ ತಯಾರಿಕೆ ನಿಂತದ್ದು 2014ರ ಮೇನಲ್ಲಿ. ಇನ್ನು ಮುಂದೆ ಸ್ಪೇರ್ ತಾನಾಗಿ ಸಿಗುವುದಿಲ್ಲ. ನಾವು ಹುಡುಕಬೇಕು, ಹಂಚಿಕೊಳ್ಳಬೇಕು.

ಎಲ್ಲಿ ಹುಡುಕುವುದು? ಜೆ.ಸಿ. ರಸ್ತೆ, ಕಲಾಸಿಪಾಳ್ಯ, ಶಿವಾಜಿನಗರದ ಗುಜರಿ ನಿಮಗೆಲ್ಲ ಗೊತ್ತು. ನಾನು ಹೇಳುವುದು ಜಿಲ್ಲಾ ಊರುಗಳ ಹಳೇ ಆಟೊಮೊಬೈಲ್ ಅಂಗಡಿಗಳ ಬಗ್ಗೆ. ತುಮಕೂರು, ದಾವಣಗೆರೆ, ಚಿಕ್ಕಮಗಳೂರು ಕಡೆ ಹೋದಾಗ ಅಂಗಡಿಯ ಯಜಮಾನರನ್ನು ಮಾತಾಡಿಸಿ. ಹುಡುಗರನ್ನು ಕೇಳಿದರೆ "ಇಲ್ಲ ಸಾರ್" ಅಂತಾರೆ, ಕಂಪ್ಯೂಟರ್‌ನಲ್ಲಿ ಇರುವುದಿಲ್ಲ. ಯಜಮಾನರಿಗೆ ಅಟ್ಟದ ಮೇಲೆ ಏನಿದೆ ಎಂದು ಗೊತ್ತಿರುತ್ತದೆ. ಎಣ್ಣೆ ಕಾಗದದಲ್ಲಿ ಸುತ್ತಿದ ಹಾಗೇ ಇರುವ ವಾಟರ್ ಪಂಪ್ ಕಿಟ್ ಅಟ್ಟದಿಂದ ಇಳಿದು ಬಂದಾಗ ಆಗುವ ಸಂತೋಷ ಇಲ್ಲಿರುವ ಎಲ್ಲರಿಗೂ ಗೊತ್ತು. ಅಂಥ ಅಂಗಡಿಗೆ ನೀವು ಹಳೇ ಕಾರಿನಲ್ಲೇ ಹೋಗಬೇಕು. ಯಜಮಾನರು ಹೊರಗೆ ಬಂದು ಕಾರು ನೋಡಿ, ಒಳಗೆ ಹೋಗಿ ಇನ್ನೂ ಎರಡು ಡಬ್ಬಿ ಇಳಿಸುತ್ತಾರೆ. ರಬ್ಬರ್ ಭಾಗಗಳನ್ನು ಮಾತ್ರ ಹಳೇ ಸ್ಟಾಕ್‌ನಲ್ಲಿ ತಗೋಬೇಡಿ. ಡಬ್ಬಿಯಲ್ಲಿದ್ದರೂ ರಬ್ಬರ್‌ಗೆ ವಯಸ್ಸಾಗುತ್ತದೆ.

ಮೆಕ್ಯಾನಿಕ್‌ಗಳ ಬಗ್ಗೆ ನನಗೆ ಕಳವಳ ಇದೆ. ಕಿವಿಯಲ್ಲೇ ಎಂಜಿನ್ನಿನ ಟೈಮಿಂಗ್ (ಕಿಡಿ ಬರಬೇಕಾದ ಹೊತ್ತು) ಹಿಡಿಯುವ ಮೇಸ್ತ್ರಿಗಳಿಗೆ ಈಗ ಎಪ್ಪತ್ತರ ಆಚೆ ಈಚೆ ವಯಸ್ಸು. ಅವರ ಮಕ್ಕಳು ಬೇರೆ ಕೆಲಸಕ್ಕೆ ಹೋಗಿದ್ದಾರೆ, ಅದು ಸರಿಯೇ. ಆದರೆ ಅವರ ಕೈಯಲ್ಲಿರುವುದು ಯಾರಿಗೆ ಹೋಗುತ್ತದೆ? ದೀರ್ಘಕಾಲ ಉಳಿದ ಹವ್ಯಾಸಿಗಳನ್ನು ನೋಡಿ. ಪ್ರತಿಯೊಬ್ಬರ ಹಿಂದೆಯೂ ಒಬ್ಬ ಮೇಸ್ತ್ರಿ ಇದ್ದಾರೆ. ಅವರ ನಡುವಿನ ನಂಟು ಗಿರಾಕಿ–ಅಂಗಡಿ ನಂಟಿಗಿಂತ ಗಟ್ಟಿ. ಕಾರು ಬಿಟ್ಟು ಹೋಗಬೇಡಿ, ಪಕ್ಕದಲ್ಲಿ ನಿಂತುಕೊಳ್ಳಿ. ಲೈಟ್ ಹಿಡಿಯಿರಿ, ಪಾನಾ ಎತ್ತಿಕೊಡಿ. ಕೇಳಿದ ಕೂಲಿಯನ್ನು ಆವತ್ತೇ ಕೊಡಿ. ನಾಲ್ಕು ಸಾವಿರದ ಟೈರ್‌ಗೆ ಮಾತಾಡದೆ ದುಡ್ಡು ಕೊಟ್ಟು, ಐವತ್ತು ವರ್ಷದ ಅನುಭವದ ಕೂಲಿಗೆ ಚೌಕಾಸಿ ಮಾಡುವುದನ್ನು ನೋಡಿದಾಗ ನನಗೆ ನೋವಾಗುತ್ತದೆ. ಅವರು ಒಪ್ಪಿದರೆ ಕೆಲಸ ಮಾಡುವಾಗ ವಿಡಿಯೊ ಮಾಡಿ. ಕಾರಿನಲ್ಲಿ ಒಂದು ನೋಟ್‌ಬುಕ್ ಇಡಿ. ತಾರೀಖು, ಕಿಲೋಮೀಟರ್, ಏನು ಬದಲಾಯಿತು, ಯಾವ ಅಂಗಡಿಯದು, ಎಲ್ಲ ಬರೆಯಿರಿ. ಮುಂದೆ ಈ ಕಾರು ಯಾರ ಕೈಗೆ ಹೋದರೂ ಆ ಪುಸ್ತಕ ಅವರಿಗೆ ಬೇಕಾಗುತ್ತದೆ.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ಎಂವೈ, ಎಂಇ, ಸಿಎ ಎಂದು ಶುರುವಾಗುವ ಹಳೇ ನಂಬರ್ ಪ್ಲೇಟ್ ನೋಡಿ ಮರುಳಾಗಬೇಡಿ, ಮೊದಲು ಆರ್‌ಸಿ, ಅಂದರೆ ನೋಂದಣಿ ಪತ್ರ, ನೋಡಿ. ಎಂಜಿನ್ ನಂಬರ್, ಚಾಸಿ ನಂಬರ್ ತಾಳೆ ಆಗಬೇಕು. 15 ವರ್ಷ ಆದಮೇಲೆ ಐದೈದು ವರ್ಷಕ್ಕೆ ಒಮ್ಮೆ ಎಫ್‌ಸಿ (ಕಾರು ಓಡಲು ಯೋಗ್ಯ ಎಂಬ ಪ್ರಮಾಣಪತ್ರ) ಮಾಡಿಸಿ ಆರ್‌ಸಿ ನವೀಕರಿಸಬೇಕು. 2022ರ ಏಪ್ರಿಲ್‌ನಲ್ಲಿ ಕಾರಿನ ನವೀಕರಣ ಶುಲ್ಕ 600 ರೂಪಾಯಿಯಿಂದ 5,000 ಆಯಿತು, 20 ವರ್ಷ ದಾಟಿದ ಕಾರುಗಳಿಗೆ ಆಮೇಲೆ ಇನ್ನೂ ಏರಿದೆ. ದೆಹಲಿಯ ಹಾಗೆ ನಮ್ಮಲ್ಲಿ ವಯಸ್ಸು ನೋಡಿ ಕಾರು ನಿಲ್ಲಿಸುವ ನಿಯಮ ಇಲ್ಲ, ಅದು ನಮ್ಮ ಪುಣ್ಯ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ಆಗಿರಬೇಕು, ಮೂಲ ರೂಪದಲ್ಲಿರಬೇಕು. ಹೊಸದಾಗಿ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ. ಮೊದಲೇ ನೋಂದಣಿ ಆಗಿರುವ ಕಾರು ಹಳೇ ನಂಬರನ್ನು ಉಳಿಸಿಕೊಳ್ಳಬಹುದು. ಒಳ್ಳೆಯದೇ. ಆದರೆ ಈ ನೋಂದಣಿಯಲ್ಲಿ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ಪೆಟ್ರೋಲ್ ಹಾಕಿಸುವುದು, ರಿಪೇರಿ ಇಂಥದ್ದಕ್ಕೆ ಮಾತ್ರ. ಹಾಗಾಗಿ ನಿಮ್ಮ ಕಾರಿಗೆ ಸಾಮಾನ್ಯ ಆರ್‌ಸಿ ಜೀವಂತ ಇದ್ದರೆ ಅದನ್ನೇ ಕಾಪಾಡಿಕೊಳ್ಳಿ ಎಂಬುದು ನನ್ನ ಸಲಹೆ. ಭಾನುವಾರ ತರಕಾರಿಗೆ ಹೋಗುವ ಹಕ್ಕನ್ನು ಬಿಟ್ಟುಕೊಡಬೇಡಿ.

ಧರ್ಮಸ್ಥಳದ ಮಂಜೂಷಾ, ಶ್ರೀರಂಗಪಟ್ಟಣದ ಹತ್ತಿರದ ಪಯಣ ಸಂಗ್ರಹಾಲಯಗಳನ್ನು ಮಕ್ಕಳಿಗೆ ತೋರಿಸಿ. ವೀರೇಂದ್ರ ಹೆಗ್ಗಡೆಯವರು ಕೂಡಿಸಿಟ್ಟ ಕಾರುಗಳನ್ನು ಒಂದೇ ಕಡೆ ನೋಡುವುದು ದೊಡ್ಡ ಪಾಠ. ಅಲ್ಲಿಗೆ ನಿಮ್ಮ ಹಳೇ ಕಾರಿನಲ್ಲೇ ಹೋಗಿ. ಮಕ್ಕಳು ಹಿಂದಿನ ಸೀಟಲ್ಲಿ ಕೂತು ಕಿಟಕಿಯ ಹ್ಯಾಂಡಲ್ ತಿರುಗಿಸಲಿ. ಮನೆಯವರನ್ನು ಹೊರಗಿಟ್ಟು ನಡೆಸಿದ ಹವ್ಯಾಸ ಬಹಳ ದಿನ ಬಾಳಿದ್ದನ್ನು ನಾನು ನೋಡಿಲ್ಲ. ಅಜ್ಜಿಗೆ ಹತ್ತಿ ಕೂರಲು ಅನುಕೂಲವಾಗುವ ಸೀಟು, ಬೀಳದ ಬಾಗಿಲು, ಪೆಟ್ರೋಲ್ ವಾಸನೆ ಬರದ ಕ್ಯಾಬಿನ್, ಇವನ್ನು ಎಂಜಿನ್ನಿನಷ್ಟೇ ಮುಖ್ಯ ಎಂದು ಮಾಡಿಸಿದವರ ಮನೆಯಲ್ಲಿ ಕಾರು ಮುಂದಿನ ತಲೆಮಾರಿಗೆ ಹೋಗುತ್ತದೆ.

ಇಷ್ಟು ನನ್ನ ಮಾತು. ಪ್ರಶ್ನೆಗಳಿದ್ದರೆ ಕೇಳಿ.

ಪ್ರಶ್ನೆ: ಸಾರ್, ಹಳೇ ಕಾರಿಗೆ ಎಲೆಕ್ಟ್ರಿಕ್ ಮೋಟಾರ್ ಹಾಕಿಸಿದರೆ ಹೇಗೆ? ಆಗಲೂ ಓಡುತ್ತಿರುತ್ತದಲ್ವಾ?

ಒಳ್ಳೆಯ ಪ್ರಶ್ನೆ. ಓಡುತ್ತದೆ, ನಿಜ. ಬಾಡಿ ಮಾತ್ರ ಉಳಿದು ಎಂಜಿನ್ ಎಲ್ಲೂ ಸಿಗದ ಕಾರಾದರೆ ನಾನು ಬೇಡ ಅನ್ನುವುದಿಲ್ಲ. ಹಿಂದಿನವರು ಡೀಸೆಲ್ ಎಂಜಿನ್ ಕೂರಿಸಿದ ಹಾಗೆಯೇ ಇದೂ. ಆದರೆ ಚೆನ್ನಾಗಿರುವ ಎಂಜಿನ್ ಇಳಿಸಿ ಮೋಟಾರ್ ಹಾಕುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಚೋಕ್ ಎಳೆದು ಸ್ಟಾರ್ಟ್ ಮಾಡುವುದು, ಬಿಸಿಯಾಗುವವರೆಗೆ ಕಾಯುವುದು, ಹ್ಯಾಂಡ್ ಗೇರ್ ಬದಲಾಯಿಸುವುದು, ಇವೆಲ್ಲ ಹೋದ ಮೇಲೆ ಕಲಿಯುವುದಕ್ಕೆ ಏನುಳಿಯಿತು? ಮಾಡಿಸಲೇಬೇಕು ಅಂದರೆ ತಗಡು ಕತ್ತರಿಸದೆ ಮಾಡಿಸಿ, ತೆಗೆದ ಎಂಜಿನ್ನನ್ನು ಗ್ರೀಸ್ ಹಚ್ಚಿ ಎತ್ತಿಡಿ. ಸಾರಿಗೆ ಇಲಾಖೆಯ ಅನುಮತಿ ಇಲ್ಲದೆ ಕೈ ಹಾಕಬೇಡಿ.

ಪ್ರಶ್ನೆ: ನಾನು ಇಂಜಿನಿಯರಿಂಗ್ ಕೊನೆ ವರ್ಷ ಓದುತ್ತಿದ್ದೇನೆ. ದುಡ್ಡು ಕಡಿಮೆ. ಯಾವ ಕಾರಿನಿಂದ ಶುರು ಮಾಡಲಿ?

ಕಾರ್ಬೊರೇಟರ್ ಇರುವ ಹಳೇ ಮಾರುತಿ 800ರಿಂದ. ನಗಬೇಡಿ, ನಿಜವಾಗಿ ಹೇಳುತ್ತಿದ್ದೇನೆ. 1983ರ ಡಿಸೆಂಬರ್‌ನಲ್ಲಿ ಮೊದಲ ಮಾರುತಿ 800 ಹೊರಬಂತು. ಆ ಮೊದಲ ಕಾರುಗಳಿಗೆ ಈಗ ನಲವತ್ತು ದಾಟಿದೆ. 796 ಸಿಸಿ, ಮೂರು ಸಿಲಿಂಡರ್, ಬಾನೆಟ್ ಕೆಳಗೆ ಎಲ್ಲ ಕೈಗೆ ಸಿಗುತ್ತದೆ. ಸ್ಪೇರ್ ಪ್ರತಿ ಊರಲ್ಲಿ ಇದೆ, ಮೆಕ್ಯಾನಿಕ್ ಪ್ರತಿ ಬೀದಿಯಲ್ಲಿ ಇದ್ದಾರೆ. 25 ಲಕ್ಷಕ್ಕೂ ಹೆಚ್ಚು ತಯಾರಾಗಿವೆ ಎಂದು ಜನ ಅದನ್ನು ಕಡೆಗಣಿಸುತ್ತಾರೆ, ತೂಕಕ್ಕೆ ಹಾಕುತ್ತಾರೆ. ಪದ್ಮಿನಿಗೂ ಒಂದು ಕಾಲದಲ್ಲಿ ಹೀಗೇ ಆಗಿತ್ತು. ಒಬ್ಬರೇ ಮಾಲೀಕರಿದ್ದ, ಆರ್‌ಸಿ ಚಾಲ್ತಿಯಲ್ಲಿರುವ, ಈಗಲೂ ಓಡುತ್ತಿರುವ ಕಾರು ಹುಡುಕಿ. ಕಾರ್ಪೆಟ್ ಎತ್ತಿ ತಳ ನೋಡಿ, ತೂತಿದ್ದರೆ ಬಿಡಿ. ತಂದ ಮೇಲೆ ಮೊದಲು ಬ್ರೇಕ್ ಆಯಿಲ್ ಪೂರ್ತಿ ಬದಲಾಯಿಸಿ, ಪೆಟ್ರೋಲ್ ಪೈಪು ಹೊಸದು ಹಾಕಿ, ಟೈರ್‌ನ ತಯಾರಿಕೆ ವಾರ ಮತ್ತು ವರ್ಷ ಓದಿ. ಇಷ್ಟಾದರೆ ಮುಂದಿನ ಭಾನುವಾರ ನಂದಿ ಬೆಟ್ಟದ ಬುಡದವರೆಗೆ ಹೋಗಿ ಬನ್ನಿ. ಹೊರಡುವ ಮುಂಚೆ ನನಗೊಂದು ಫೋನ್ ಮಾಡಿ, ನನ್ನ ಹತ್ತಿರ ಒಂದು ಹೆಚ್ಚಿನ ಫೀಲರ್ ಗೇಜ್ ಇದೆ, ಕೊಡುತ್ತೇನೆ.